ಅತ್ತಿಗೆ ಕೊಟ್ಟ ಹೊಕ್ಕುಳಬಳ್ಳಿ

ನನ್ನ ಸಂಶೋಧನೆಗೆ ಬೇಕಾಗಿದ್ದದ್ದು ಹೊಕ್ಕುಳಬಳ್ಳಿ. ಹೆರಿಗೆಯಾದ ಕೂಡಲೇ ಮಗುವಿನಿಂದ ಕತ್ತರಿಸಿ ಬೇರೆ ಮಾಡುತ್ತಾರಲ್ಲ, ಅದೇ. ಅದರೊಳಗೆ ಒಂದು ದಪ್ಪನೆಯ ರಕ್ತನಾಳ ಇರುತ್ತದೆ. ಅದರ ಒಳಮೈಯನ್ನು ಔಷಧಿಯಲ್ಲಿ ನೆನೆಸಿ ತೊಳೆದರೆ ಜೀವಕೋಶಗಳು ಬಿಡಿಸಿಕೊಂಡು ಬರುತ್ತವೆ. ಅವನ್ನು ತಟ್ಟೆಯಲ್ಲಿ ಸಾಕಿ, ಬಿಸಿ ಏರಿಸಿ ಇಳಿಸಿ, ಆಗ ಅವುಗಳೊಳಗಿನ ಕ್ಯಾಲ್ಸಿಯಂ ಹೇಗೆ ಏಳುತ್ತದೆ, ಹೇಗೆ ಇಳಿಯುತ್ತದೆ ಎಂದು ನೋಡುವುದು ನನ್ನ ಕೆಲಸ. ಮೈಸೂರಿನ ಒಂದು ಪ್ರಯೋಗಾಲಯದಲ್ಲಿ, ತೊಂಬತ್ತರ ದಶಕ ಮುಗಿಯುವ ಹೊತ್ತಿನಲ್ಲಿ ನಾನು ಇದನ್ನು ಮಾಡುತ್ತಿದ್ದೆ.

ನಮ್ಮ ಊರು ಗಾವಡಗೆರೆಯ ಹತ್ತಿರ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಸ್ ಪಾಸಿನಲ್ಲಿ ಹುಣಸೂರಿಗೆ ಓಡಾಡಿ ಬಿಎಸ್ಸಿ ಮುಗಿಸಿದೆ. ಮೈಸೂರಿನಲ್ಲಿ ಎಂಎಸ್ಸಿಗೆ ಸೇರಿದಾಗ ಮೊದಲ ವರ್ಷ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ನಾನು ಇಂಗ್ಲಿಷಿನಲ್ಲಿ ಪ್ರಶ್ನೆ ಜೋಡಿಸಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಮುಂದಿನ ಪಾಠಕ್ಕೆ ಹೋಗಿರುತ್ತಿದ್ದರು. ಎರಡನೆಯ ವರ್ಷ ತಪ್ಪು ಇಂಗ್ಲಿಷಿನಲ್ಲೇ ಕೇಳತೊಡಗಿದೆ. ಉತ್ತರ ಮಾತ್ರ ಸರಿಯಾಗಿಯೇ ಸಿಗುತ್ತಿತ್ತು. ಹಾಗೆ ಕೇಳುತ್ತ ಕೇಳುತ್ತಲೇ ಸಂಶೋಧನೆಗೆ ಬಂದವಳು ನಾನು.

ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನೂ ಅಣ್ಣನನ್ನೂ ಸಾಕಿದ್ದು ಅಪ್ಪನ ತಾಯಿ, ನಮ್ಮಜ್ಜಿ. ಮನೆಯ ಹೆಂಗಸರ ವ್ಯವಹಾರವೆಲ್ಲ ಅವಳ ಮಾತಿನ ಮೇಲೆಯೇ ನಡೆಯುತ್ತಿತ್ತು. ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಕೆ.ಆರ್. ನಗರದ ಕಡೆಯವಳು, ಹೊಸ ಅಗ್ರಹಾರದ ಹತ್ತಿರ ಅವಳ ತವರು. ನನಗಿಂತ ಎರಡು ವರ್ಷ ದೊಡ್ಡವಳಿರಬಹುದು. ಪಿಯುಸಿವರೆಗೆ ಓದಿದ್ದಳು. ಬಂದ ವರ್ಷವೇ ಒಂದು ಹೊಲಿಗೆ ಯಂತ್ರ ತರಿಸಿಕೊಂಡು ಊರಿನ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದಳು.

ನನ್ನ ಕೆಲಸ ಏನೆಂದು ಮನೆಯವರಿಗೆ ಮೊದಲ ಬಾರಿ ಬಿಡಿಸಿ ಹೇಳಿದ್ದು ಒಂದು ಚಳಿಗಾಲದಲ್ಲಿ, ಹೊಗೆಸೊಪ್ಪು ವಿಂಗಡಿಸುತ್ತ ಕೂತಿದ್ದಾಗ. ಬ್ಯಾರನ್ನು ಎನ್ನುವ ಒಲೆಮನೆಯಲ್ಲಿ ಬೇಯಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ಬೇರೆ ಮಾಡಿ ಕಟ್ಟುವ ಕೆಲಸ ಅದು. ಪಿರಿಯಾಪಟ್ಟಣದ ಹರಾಜಿಗೆ ಹೋಗುವ ಮೊದಲು ಮನೆಮಂದಿಯೆಲ್ಲ ಕೂರಲೇಬೇಕು. ಬಿಸಿಲೇರಿದರೆ ಎಲೆ ಪುಡಿಯಾಗುತ್ತದೆ, ಅದಕ್ಕೇ ಮಂಜು ಬೀಳುವಾಗಲೇ ಶುರು ಮಾಡುತ್ತೇವೆ. ಅತ್ತಿಗೆ ಆಗ ಎರಡನೆಯ ಸಲ ಬಸುರಿ. ಚಳಿಗೆ ಅವಳ ಬೆರಳ ತುದಿಗಳು ಬಿಳಿಚಿಕೊಂಡಿದ್ದವು. ಅವನ್ನೇ ತೋರಿಸಿ ಹೇಳಿದೆ. ಚಳಿಗೆ ರಕ್ತನಾಳ ಮುದುಡುತ್ತದೆ, ಬಿಸಿಗೆ ಅರಳುತ್ತದೆ. ಅರಳು ಎಂದು ನಾಳಕ್ಕೆ ಹೇಳುವುದರಲ್ಲಿ ಅದರ ಒಳಗಿನ ತೆಳು ಪದರದ ಕೈವಾಡವಿದೆ. ನೀನು ರವಿಕೆಗೆ ಲೈನಿಂಗ್ ಕೊಡುತ್ತೀಯಲ್ಲ, ಹಾಗೆ ಅದು.

“ಲೈನಿಂಗ್ ಬಟ್ಟೆ ಮೇಲಿನ ಬಟ್ಟೆಗೆ ಬುದ್ಧಿ ಏಳ್ತದಾ?” ಅಂದಳು ಅತ್ತಿಗೆ.

ಇಲ್ಲಿ ಹೇಳುತ್ತದೆ ಅಂದೆ. ಆ ಪದರದ ಒಂದೊಂದು ಕೋಶದೊಳಗೂ ಕ್ಯಾಲ್ಸಿಯಂ ಕೂಡಿಟ್ಟಿರುತ್ತದೆ, ಹೊರಗಿನಿಂದ ಸುದ್ದಿ ಬಂದಾಗ ಅದು ಚಿಮ್ಮುತ್ತದೆ, ಅದು ಚಿಮ್ಮಿದರೆ ನಾಳ ಸಡಿಲಾಗುತ್ತದೆ, ಬಿಸಿ ತಣ್ಣಗೆ ಬದಲಾದರೆ ಆ ಚಿಮ್ಮುವಿಕೆಯೂ ಬದಲಾಗುತ್ತದೆ ಎಂದು ವಿವರಿಸಿದೆ. ಅಜ್ಜಿ ಎಲೆಯ ಕಂತೆಯಿಂದ ತಲೆ ಎತ್ತಿ, ಕ್ಯಾಲ್ಸಿಯಂ ಅಂದರೆ ಎಲೆಅಡಿಕೆಗೆ ಹಚ್ಚುವ ಸುಣ್ಣವೇ ಎಂದು ಕೇಳಿದಳು. ಅದರ ಜಾತಿಯದೇ ಅಂದೆ. “ಸುಣ್ಣ ಮೈಗೆ ಬಿಸಿ ಅಂತ ನಂಗೂ ಗೊತ್ತು. ಅದುಕ್ಕೆ ಇಷ್ಟು ವರ್ಸ ಓದ್ಬೇಕಾಗಿತ್ತಾ ನೀನು?” ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಮೇಲೆ ನನ್ನ ತಾಪತ್ರಯವನ್ನೂ ಹೇಳಿಕೊಂಡೆ. ಮೈಸೂರಿನ ಹೆರಿಗೆ ಆಸ್ಪತ್ರೆಯ ಮುಂದೆ ನಾನು ಫ್ಲಾಸ್ಕು ಹಿಡಿದು ಕಾಯುತ್ತಿದ್ದೆ. ತಾಯಂದಿರು ಒಪ್ಪಿದರೆ ಅವರ ಅತ್ತೆಯಂದಿರು ಒಪ್ಪುತ್ತಿರಲಿಲ್ಲ. ಇಬ್ಬರೂ ಒಪ್ಪಿ ಸಿಕ್ಕಿದ ಬಳ್ಳಿ ಕೆಲವೊಮ್ಮೆ ಟ್ರೇಯಲ್ಲಿ ಹೊತ್ತುಗಟ್ಟಲೆ ಬಿದ್ದಿದ್ದು ಕೆಟ್ಟಿರುತ್ತಿತ್ತು. ಸಾಕಿದ ಕೋಶಗಳು ಬೂಷ್ಟು ಹಿಡಿದು ಹೋಗುತ್ತಿದ್ದವು. ಆ ವರ್ಷ ನನ್ನ ಕೈಯಲ್ಲಿ ಒಂದು ಒಳ್ಳೆಯ ತಟ್ಟೆಯೂ ಇರಲಿಲ್ಲ.

ಮಾರನೆಯ ದಿನ ಬಾವಿಯ ಹತ್ತಿರ ಅತ್ತಿಗೆ, ತನ್ನ ಹೆರಿಗೆಯಾದಾಗ ತನ್ನದೇ ತೆಗೆದುಕೊಂಡು ಹೋಗು ಅಂದಳು. ಮಗುವಿಗೆ ನೋವಾಗುತ್ತದೆಯೇ, ತನಗೆ ಆಗುತ್ತದೆಯೇ ಎಂದು ಎರಡೇ ಪ್ರಶ್ನೆ ಕೇಳಿದಳು. ಕತ್ತರಿಸಿದ ಮೇಲೆ ಅದರಲ್ಲಿ ಯಾರ ನೋವೂ ಇಲ್ಲ ಅಂದೆ.

ಅದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗುವಿನ ಹಿಂದೆ ಬರುವ ಮಾಸನ್ನು ಬಳ್ಳಿಯ ಸಮೇತ ಹೊಸ ಕುಡಿಕೆಯಲ್ಲಿಟ್ಟು, ಅರಿಶಿನ ಉಪ್ಪು ಹಾಕಿ, ಬಚ್ಚಲಿನ ಹಿಂದೆ ಹೂಳುವುದು. ಗುಂಡಿ ಗಂಡಸರು ತೋಡಬಹುದು, ಕುಡಿಕೆ ಇಳಿಸುವವಳು ಮನೆಯ ಹಿರಿಯಳೇ ಆಗಬೇಕು. ಬಾಣಂತಿಗೂ ಕೂಸಿಗೂ ಎರೆದ ನೀರು ಅದರ ಮೇಲೆ ಹರಿದುಹೋಗಬೇಕು. ನೀರು ಕುದಿಯುವಂತಿದ್ದರೆ ಕೂಸಿಗೆ ಜ್ವರ, ತಣ್ಣಗಿದ್ದರೆ ಕೂಸಿಗೆ ಶೀತ. ಅದಕ್ಕೇ ಅಜ್ಜಿ ಮೊಣಕೈ ಅದ್ದಿ ಹದ ನೋಡದೆ ಒಂದು ಚೊಂಬು ನೀರನ್ನೂ ಹುಯ್ಯಲು ಬಿಡುತ್ತಿರಲಿಲ್ಲ. ಮಣ್ಣಿನೊಳಗೆ ಇರುವುದೂ ತೊಟ್ಟಿಲಲ್ಲಿ ಇರುವುದೂ ಒಂದೇ ಮೈ ಎಂಬುದು ಅವಳ ಲೆಕ್ಕ. ಅತ್ತಿಗೆಯ ಮೊದಲ ಮಗು ತವರಲ್ಲಿ ಹುಟ್ಟಿತ್ತು, ಅಲ್ಲಿಯದು ಅಲ್ಲೇ ಆಗಿತ್ತು. ಎರಡನೆಯದರ ಕುಡಿಕೆ ಅಜ್ಜಿಯ ಪಾಲಿನದು.

ಚಳಿ ಬಿಡುವ ಹೊತ್ತಿಗೆ ಹುಣಸೂರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಅತ್ತಿಗೆ ನೋವು ಕಾಣಿಸಿಕೊಳ್ಳುವ ಮೊದಲೇ ನನ್ನ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದಳು. ನರ್ಸು ಬಳ್ಳಿಯ ಗೇಣುದ್ದದ ತುಂಡನ್ನು ನನ್ನ ಬಾಟಲಿಗೆ ಹಾಕಿ, ಮಾಸನ್ನೂ ಉಳಿದ ತುಂಡನ್ನೂ ಅಜ್ಜಿಗೆ ಕೊಟ್ಟರು. ಅಜ್ಜಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಡಿಕೆ ಇಟ್ಟುಕೊಂಡು ಕೂತಿದ್ದಳು. ನಾನು ಅವಳ ಮುಂದೆ ನಿಂತು, ಒಂದು ತುಂಡು ನಾನು ಒಯ್ಯುತ್ತಿದ್ದೇನೆ, ಅತ್ತಿಗೆ ಕೊಟ್ಟಿದ್ದಾಳೆ ಅಂದೆ. ಅಜ್ಜಿ ಫ್ಲಾಸ್ಕನ್ನೇ ನೋಡಿದಳು.

“ಅದ್ರೊಳಗೆ ಏನದೆ?”

“ಐಸು,” ಅಂದೆ.

ಅವಳು ಕುಡಿಕೆಯನ್ನು ಮಡಿಲಿಗೆ ಎಳೆದುಕೊಂಡಳು. ಮೈಸೂರಿನ ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಫ್ಲಾಸ್ಕಿನಲ್ಲಿ ಕಾಫಿಯಾ ಎಂದು ಕೇಳಿದಳು. ಔಷಧಿ ಅಂದೆ. ಬಿಳಿಕೆರೆ ದಾಟುವವರೆಗೆ ತನ್ನ ಮಂಡಿನೋವಿನ ಕತೆ ಹೇಳಿದಳು.

ಅಂಥ ಒಳ್ಳೆಯ ಕೋಶಗಳು ನನಗೆ ಮೊದಲು ಸಿಕ್ಕಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಅಂಗಳಕ್ಕೆ ಹಾಸುಗಲ್ಲು ಹಾಸಿದಂತೆ ಒಂದಕ್ಕೊಂದು ಒತ್ತಿಕೊಂಡು ತಟ್ಟೆ ತುಂಬಿದವು. ಅರ್ಧ ಬೆಳೆಸಿಕೊಂಡು, ಉಳಿದರ್ಧವನ್ನು ಸಣ್ಣ ಸೀಸೆಗಳಿಗೆ ತುಂಬಿ, ಹೊಗೆಯಾಡುವ ನೈಟ್ರೋಜನ್ ಡಬ್ಬದಲ್ಲಿ ಹೆಪ್ಪುಗಟ್ಟಿಸಿ ಇಟ್ಟೆ. ಬೇಕಾದಾಗ ಕರಗಿಸಿದರೆ ಮತ್ತೆ ಬೆಳೆಯುತ್ತವೆ.

ಮುಂದಿನ ಭಾನುವಾರ ಊರಿಗೆ ಹೋದಾಗ ಖುಷಿಯಲ್ಲಿ ಇದನ್ನೆಲ್ಲ ಹೇಳಿದೆ. ಅಜ್ಜಿ, ಯಾವತ್ತು ಹೆಪ್ಪುಗಟ್ಟಿಸಿದ್ದು ಎಂದು ವಾರ ಕೇಳಿದಳು. ಗುರುವಾರ ಅಂದೆ. ಅವಳು ಅತ್ತಿಗೆಯ ಕಡೆ ತಿರುಗಿ, “ಗುರುವಾರದಿಂದ ಮಗೀಗೆ ಮೂಗು ಕಟ್ಕಂಡದೆ. ನೋಡ್ಕ,” ಅಂದಳು. ನನಗೆ ನಗು ಬಂತು. ಅತ್ತಿಗೆ ನಗಲಿಲ್ಲ. ಅಣ್ಣನೂ ನಗಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಒಂದು ಹೊಸ ಮಾತು ಸೇರಿಕೊಂಡಿತು. ಮಗು ಅತ್ತರೆ, ಹಾಲು ಕಕ್ಕಿದರೆ, ಮೈಮೇಲೆ ಗುಳ್ಳೆ ಎದ್ದರೆ, ಮೈಸೂರಿನಲ್ಲಿ ಅವಳು ಏನು ಮಾಡುತ್ತಿದ್ದಾಳೋ ಎಂದು ಅಜ್ಜಿ ಅನ್ನುತ್ತಿದ್ದಳಂತೆ. ಬೈಯುತ್ತಿರಲಿಲ್ಲ. ಹಾಗೆ ಅಂದು ಅತ್ತಿಗೆಯ ಮುಖ ನೋಡುತ್ತಿದ್ದಳು, ಅಷ್ಟೇ. ನೆರೆಮನೆಯವರು ಬಂದಾಗಲೂ ಅದೇ ಮಾತು. ನಾನು ದೂರದಲ್ಲಿದ್ದೆ, ಓದಿದವಳು, ನನ್ನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಕೊಟ್ಟವಳು ಆ ಮನೆಯಲ್ಲೇ ಇದ್ದಳು. ಅಜ್ಜಿಯ ಮಾತನ್ನು ನಾನು ತಮಾಷೆ ಎಂದು ತಿಳಿದಿದ್ದೆ. ಅತ್ತಿಗೆಗೆ ಅದು ದಿನವೂ ಕೇಳಬೇಕಾಗಿದ್ದ ಸೊಲ್ಲು.

ನನ್ನ ಮುಖ್ಯ ಪ್ರಯೋಗ ಬಂದದ್ದು ಮೇ ತಿಂಗಳಲ್ಲಿ. ಹೊಳಪು ಅಳೆಯುವ ಸೂಕ್ಷ್ಮದರ್ಶಕ ನಮ್ಮದಲ್ಲ, ಬೇರೆ ವಿಭಾಗದ್ದು. ನಾನಾ ಕಡೆಯವರು ಸರದಿಯಲ್ಲಿ ಬಳಸುತ್ತಿದ್ದರು. ನನ್ನ ಸರದಿ ಬರುವ ವಾರಕ್ಕೆ ಸರಿಯಾಗಿ ಸೀಸೆ ಕರಗಿಸಿ ಕೋಶ ಬೆಳೆಸಿಕೊಂಡಿದ್ದೆ. ಈ ಕೋಶಗಳನ್ನು ಎಷ್ಟು ಸಲ ಬೇಕಾದರೂ ತಟ್ಟೆ ಬದಲಿಸಿ ಬೆಳೆಸಲು ಆಗುವುದಿಲ್ಲ; ಬರಬರುತ್ತ ಮುದಿಯಾಗುತ್ತವೆ, ಸುದ್ದಿ ಮುಟ್ಟಿಸಿದರೂ ಮಿಸುಕುವುದಿಲ್ಲ. ಆ ವಾರ ತಪ್ಪಿದರೆ ನನಗೆ ಬೇರೆ ಬಳ್ಳಿಯೇ ಬೇಕಾಗುತ್ತಿತ್ತು. ಹಿಂದಿನ ಸಲ ಊರಿಗೆ ಹೋಗಿದ್ದಾಗ ಊಟಕ್ಕೆ ಕೂತು, ಇಂಥ ವಾರ ಇವನ್ನು ಜ್ವರದ ಮಟ್ಟಕ್ಕೆ ಕಾಯಿಸಿ ನೋಡುತ್ತೇನೆ ಎಂದು ಹೇಳಿಯೂ ಇದ್ದೆ.

ಆ ವಾರವೇ ಮಗುವಿಗೆ ಜ್ವರ ಬಂತು. ಚುಚ್ಚುಮದ್ದು ಹಾಕಿಸಿದ್ದರು, ಅದಕ್ಕೆ ಒಂದು ದಿನ ಮೈ ಕಾಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಮಾರನೆಯ ದಿನವೂ ಇಳಿಯಲಿಲ್ಲ. ನಾನು ತಟ್ಟೆಗಳನ್ನು ಸಿದ್ಧ ಮಾಡಿಕೊಳ್ಳುತ್ತಿದ್ದೆ, ಅಟೆಂಡರ್ ಬಂದು ಆಫೀಸಿನಲ್ಲಿ ನಿಮಗೆ ಫೋನು ಅಂದರು. ಗಾವಡಗೆರೆಯ ಎಸ್‌ಟಿಡಿ ಬೂತಿನಿಂದ ಅತ್ತಿಗೆ. ಮಗುವನ್ನು ಹುಣಸೂರಿಗೆ ಕರೆದುಕೊಂಡು ಹೋಗಿ ತೋರಿಸಿಕೊಂಡು ವಾಪಸು ಬರುವಾಗ ಬಸ್ಸಿಳಿದು ಅಲ್ಲಿಂದಲೇ ಮಾಡುತ್ತಿದ್ದಳು. ಡಾಕ್ಟರು ಗಂಟಲು ಕೆಂಪಾಗಿದೆ ಅಂದಿದ್ದರು, ಡ್ರಾಪ್ಸ್ ಕೊಟ್ಟಿದ್ದರು, ಹೆದರುವಂಥದ್ದೇನಿಲ್ಲ, ನಾಳೆಗೂ ಇಳಿಯದಿದ್ದರೆ ಕರೆತನ್ನಿ ಅಂದಿದ್ದರು.

“ಅಜ್ಜಿ ನೆನ್ನೆಯಿಂದ ನನ್ ಕುಟೆ ಮಾತಾಡ್ತಿಲ್ಲ,” ಅಂದಳು. “ನೀನು ಕೊಟ್ಟೆ, ಅವಳು ಕಾಯಿಸ್ತಾವಳೆ ಅಂತ ಒಂದೇ ಮಾತು ಅಂದ್ರು. ಅಷ್ಟೇಯ.”

ಇನ್ನೂ ಕಾಯಿಸಿಲ್ಲ, ಇವತ್ತು ಶುರು ಮಾಡಬೇಕು ಅಂದೆ. ಆಮೇಲೆ, “ನೀನು ಬೇಡ ಅಂದ್ರೆ ನಿಲ್ಲಿಸ್ತೀನಿ ಅತ್ತಿಗೆ. ಮಗು ನಿಂದು,” ಅಂದೆ. ಬಾಯಿಮಾತಿಗೆ ಅಂದದ್ದಲ್ಲ. ಆ ತಟ್ಟೆಗೂ ಆ ಮಗುವಿನ ಮೈಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅವಳು ಆ ಮನೆಯಲ್ಲಿ ಬದುಕಬೇಕಿತ್ತು.



“ನಿಲ್ಸಬ್ಯಾಡ ಕಣಮ್ಮಿ,” ಅಂದಳು. “ಡ್ರಾಪ್ಸ್ ಹಾಕಿದೀವಿ. ಇವತ್ತೋ ನಾಳೆಯೋ ಜ್ವರ ಇಳೀತದೆ. ನೀನು ನಿಲ್ಸಿ ಅದು ಇಳಿದ್ರೆ, ನಿಲ್ಸಿದ್ದಕ್ಕೇ ಇಳೀತು ಅಂತಾರೆ. ಆಮ್ಯಾಕೆ ಈ ಮಗಿ ಸೀನಿದ್ರೂ ನಾನೇ ಕಾರಣ. ದೊಡ್ಡವಳಾದ್ ಮ್ಯಾಲೂ ನಾನೇ ಕಾರಣ. ನೀನು ಕಾಯ್ಸು. ಕಾಯ್ಸಿದೆ ಅಂತ ಬಂದು ಅಜ್ಜಿ ಮುಂದೆ ಏಳು.”

“ಇಳೀದೆ ಇದ್ರೆ?”

“ಇಳೀದೆ ಇದ್ರೆ ಡಾಕ್ಟ್ರತ್ರ ಓಯ್ತೀವಿ. ನಿನ್ನತ್ರ ಯಾಕೆ ಬರಾನ?”

ಅಷ್ಟು ಹೇಳಿ ಇಟ್ಟುಬಿಟ್ಟಳು. ಮಗು ಅಣ್ಣನ ಹೆಗಲ ಮೇಲೆ ಮಲಗಿತ್ತಂತೆ, ಬಿಸಿಲಿನಲ್ಲಿ ನಿಲ್ಲಿಸಬಾರದು ಎಂದು.

ನಾನು ಕತ್ತಲೆ ಕೋಣೆಗೆ ಹೋಗಿ ಕೂತೆ. ಕೋಶಗಳಿಗೆ ಒಂದು ಬಣ್ಣ ಕುಡಿಸಿರುತ್ತೇವೆ. ಒಳಗೆ ಕ್ಯಾಲ್ಸಿಯಂ ಏರಿದರೆ ಅದು ಹಸಿರಾಗಿ ಹೊಳೆಯುತ್ತದೆ. ಮೊದಲು ಕೋಣೆಯ ತಣ್ಣನೆಯಲ್ಲಿ, ಆಮೇಲೆ ಮೈಬಿಸಿಯಲ್ಲಿ, ಕೊನೆಗೆ ಜ್ವರದ ಬಿಸಿಯಲ್ಲಿ, ಪ್ರತಿ ಸಲವೂ ಹೊಸ ತಟ್ಟೆಗೆ ಸುದ್ದಿ ಮುಟ್ಟಿಸುವ ಔಷಧಿಯನ್ನು ಒಂದೇ ಅಳತೆಯಲ್ಲಿ ಬಿಟ್ಟು ನೋಡಬೇಕು. ತಟ್ಟೆಯ ಕೆಳಗಿನ ಪೀಠ ಕಾಯಿಸಿದರೆ ಸಾಲದು, ತಾಗಿಕೊಂಡಿರುವ ಮಸೂರವನ್ನೂ ಕಾಯಿಸಬೇಕು, ಇಲ್ಲದಿದ್ದರೆ ಅದು ಬಿಸಿಯನ್ನು ಕದಿಯುತ್ತದೆ. ಅದಕ್ಕೇ ಬಹಳ ಹೊತ್ತು ಹಿಡಿಯಿತು.

ತಣ್ಣಗಿದ್ದಾಗ ಕೋಶಗಳು ಸೋಮಾರಿಯಾಗಿದ್ದವು. ಔಷಧಿ ಬಿದ್ದ ಮೇಲೆ ಯೋಚನೆ ಮಾಡಿದಂತೆ ತಡವಾಗಿ ಬೆಳಗಿ, ಆರುವುದಕ್ಕೂ ಹೊತ್ತು ತೆಗೆದುಕೊಂಡವು. ಮೈಬಿಸಿಯಲ್ಲಿ ಚುರುಕಾದವು. ಜ್ವರದ ಮಟ್ಟಕ್ಕೆ ತಿರುಗಿಸುವ ಗುಂಡಿಯ ಮೇಲೆ ಕೈ ಇಟ್ಟಾಗ ಒಂದು ಕ್ಷಣ ನಿಂತೆ. ಹೆದರಿಕೆಯಲ್ಲ. ಆ ಮಗುವಿನ ಕಾದ ಹಣೆ ನೆನಪಾಯಿತು, ಅಷ್ಟೇ. ಅದು ನೆನಪಾಗದೆ ಇರಬೇಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ತಿರುಗಿಸಿದೆ. ಹೊಳಪು ಒಮ್ಮೆಗೇ ಏರಿತು, ಅಷ್ಟೇ ಬೇಗ ಇಳಿಯಿತು, ಕೆಲವು ಕೋಶಗಳು ಮತ್ತೆ ಮತ್ತೆ ಮಿಣುಕಿದವು. ಕಾದಾಗ ಬಣ್ಣವೂ ಬೇಗ ಸೋರಿಹೋಗುತ್ತದೆ, ಅದನ್ನು ಬೇರೆ ಲೆಕ್ಕ ಹಾಕಿ ಕಳೆಯಬೇಕು. ಆದರೂ ಏನಾಗುತ್ತಿದೆ ಎಂಬುದು ಬರಿಗಣ್ಣಿಗೇ ತಿಳಿಯುವಷ್ಟು ಸ್ಪಷ್ಟವಾಗಿತ್ತು. ಎರಡು ವರ್ಷದಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಊರಿಗೆ ಹೋದೆ. ಮಗು ತೊಟ್ಟಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಹಿಂದಿನ ದಿನ ಮಧ್ಯಾಹ್ನ ಬೆವೆತು ಇಳಿದಿತ್ತು. ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು, ಅಜ್ಜಿಗೆ ಕೇಳುವಂತೆ, ನಿನ್ನೆ ಕಾಯಿಸಿದೆಯಾ ಎಂದು ಕೇಳಿದಳು.

ಕಾಯಿಸಿದೆ ಅಂದೆ. ಯಾವಾಗ ಅಂದಳು. ಮಧ್ಯಾಹ್ನವೇ ಅಂದೆ. ಎಷ್ಟು ಅಂದಳು. ಮಗುವಿಗೆ ಬಂದಿದ್ದ ಜ್ವರದಷ್ಟೇ ಅಂದೆ.

ಅಜ್ಜಿ ತೊಟ್ಟಿಲು ತೂಗಿದಳು. “ಅಂಗಾರೆ ಮಗೀನ ಬಿಸಿಯೆಲ್ಲ ನಿನ್ ಗಾಜು ಎಳ್ಕಂಡದೆ ಬುಡು,” ಅಂದಳು.

ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಒಳಗೆ ಅವಳು ನಗುತ್ತಿದ್ದದ್ದು ಹೊರಗೆ ಕೇಳುತ್ತಿತ್ತು. ನಾನು ವಾದ ಮಾಡಲು ಹೋಗಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ತಟ್ಟೆಯೂ ತೊಟ್ಟಿಲೂ ಇನ್ನೂ ಒಂದೇ ಆಗಿದ್ದವು. ಆದರೆ ಕಾಯಿಸಿದರೆ ಜ್ವರ ಬರುತ್ತದೆ ಎಂಬ ಮಾತನ್ನು ಅವಳು ಇನ್ನು ಆಡುವ ಹಾಗಿರಲಿಲ್ಲ. ಅತ್ತಿಗೆಗೆ ಬೇಕಾಗಿದ್ದದ್ದು ಅಷ್ಟೇ.

ಜ್ವರದ ಮಾತು ನಿಂತಿತು. ಅಜ್ಜಿ ಅತ್ತಿಗೆಯ ಜೊತೆ ಮಾತಾಡತೊಡಗಿದಳು: ನೀರು ಕಾಯಿಸು, ಹಿಟ್ಟು ತೊಳಸು. ಕೆಲಸದ ಮಾತು ಮಾತ್ರ. ಅತ್ತಿಗೆ ಮಳೆಗಾಲವಿಡೀ ಹಾಗೇ ಕಳೆದಳು. ಏನು ತಪ್ಪು ಹಿಡಿದಿದ್ದಾರೆ ಎಂದು ತಿಳಿದರೆ ತಿದ್ದಿಕೊಳ್ಳಬಹುದು, ಈಗ ತಿಳಿಯುವುದೂ ಇಲ್ಲ ಎಂದು ನನ್ನ ಹತ್ತಿರ ಒಂದು ಸಲ ಅಂದಿದ್ದಳು.

ಅದು ತಿಳಿದದ್ದು ಮುಂದಿನ ಚಳಿಗಾಲದಲ್ಲಿ, ಅವರೆಕಾಯಿ ಕಾಲ. ನಾನು ಪ್ರಬಂಧ ಬರೆಯಲು ಕೂತಿದ್ದೆ, ಎರಡು ದಿನ ಬಿಡುವು ಮಾಡಿಕೊಂಡು ಊರಿಗೆ ಬಂದಿದ್ದೆ. ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಂಬೆಗಾಲಿಡುತ್ತಿದ್ದ ಮಗು ಸಿಪ್ಪೆಯ ರಾಶಿಗೆ ಕೈ ಹಾಕುತ್ತಿತ್ತು. ಅಜ್ಜಿ ತಲೆ ಎತ್ತದೆ, “ಅವು ಇನ್ನೂ ಬದುಕವಾ?” ಎಂದು ಕೇಳಿದಳು.

ಯಾವುವು ಎಂದು ಕೇಳುವ ಅಗತ್ಯವಿರಲಿಲ್ಲ. ಇಲ್ಲ, ಹೋದವು ಅಂದೆ. ಅವಕ್ಕೆ ಅಷ್ಟೇ ಆಯಸ್ಸು, ಮುದಿಯಾಗಿ ಬೆಳೆಯುವುದು ನಿಲ್ಲಿಸಿದವು, ಕೊನೆಯ ತಟ್ಟೆಯನ್ನೂ ಹಾಕಿಬಿಟ್ಟೆವು ಅಂದೆ. ಹೇಳಿ ಮುಗಿಸಿದ ಮೇಲೆ, ಅತ್ತಿಗೆಗೆ ಇದರಿಂದ ಮತ್ತೆ ಏನಾಗುತ್ತದೋ ಎಂದು ಅಡುಗೆಮನೆಯ ಕಡೆ ನೋಡಿದೆ.

ಅಜ್ಜಿ ಮಗುವಿನ ಕಡೆ ನೋಡಿದಳು. ಅದು ಒಂದು ಸಿಪ್ಪೆಯನ್ನು ಬಾಯಿಗೆ ತುರುಕಿಕೊಳ್ಳುತ್ತಿತ್ತು. ಅವಳು ಬೆರಳು ಹಾಕಿ ಅದನ್ನು ತೆಗೆದಳು.

“ಸತ್ರೂ ಇವಳಿಗೇನೂ ಆಗಿಲ್ಲ. ಅದು ನಂಗೂ ಕಾಣ್ತದೆ ಕಣಮ್ಮಿ,” ಅಂದಳು. “ನನ್ ಮಾತು ಅದಲ್ಲ.”

“ಮತ್ತೇನಜ್ಜಿ?”

“ನೀನು ಯಾರನ್ ಕೇಳ್ದೆ?”

ಅತ್ತಿಗೆಯನ್ನು ಕೇಳಿದ್ದೆ, ಸಹಿ ಇದೆ ಅಂದೆ.

“ಆ ಬಳ್ಳಿ ಅವಳ್ದಲ್ಲ. ಮಗೀದು. ಮಗಿ ಬಾಯಿ ಇಲ್ದೇ ಇರೋದು, ಅದನ್ ಕೇಳಕಾಗಲ್ಲ. ಅದುಕ್ಕೇ ಮನೇಲಿ ಇರೀಕರು ಅಂತ ಇರೋದು. ಕುಡಿಕೆ ಇಡ್ಕಂಡು ಬಾಗ್ಲಲ್ಲಿ ಕೂತಿದ್ದೆ ನಾನು. ಕೇಳಿದ್ರೆ ಬ್ಯಾಡ ಅಂತಿದ್ನಾ?”

ಅನ್ನುತ್ತಿದ್ದಳು ಎಂದೇ ನನಗೆ ತೋರಿತು. ಆದರೆ ಖಂಡಿತವಾಗಿ ಗೊತ್ತಿರಲಿಲ್ಲ, ಯಾಕೆಂದರೆ ಕೇಳಿರಲಿಲ್ಲ. ನಮ್ಮ ಕಾಗದದಲ್ಲಿ ತಾಯಿಯ ಸಹಿಗೆ ಜಾಗವಿತ್ತು, ಅದರಲ್ಲಿ ತಪ್ಪೇನೂ ಇಲ್ಲ, ಈಗಲೂ ಅದೇ ಸರಿ ಎಂದು ವಾದಿಸುತ್ತೇನೆ. ಬೆಂಚಿನ ಮೇಲೆ ಕೂತವಳ ಜೊತೆ ಒಂದು ಮಾತು ಆಡಬಾರದು ಎಂದೇನೂ ಆ ಕಾಗದ ಹೇಳಿರಲಿಲ್ಲ.

“ಸರಿ ಅಜ್ಜಿ. ಕೇಳ್ಬೇಕಿತ್ತು,” ಅಂದೆ.

“ಊಂ. ಅವಳು ಒಳ್ಳೇ ಮನಸ್ಸಿಂದ ಕೊಟ್ಲು, ಅವಳ್ದೇನೂ ತಪ್ಪಿಲ್ಲ. ಕೇಳ್ದೆ ತಕ್ಕಂಡೋದೋಳು ನೀನು.”

ಅತ್ತಿಗೆ ಒಳಗೇ ಇದ್ದಳು, ಎಲ್ಲವೂ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು ಅಜ್ಜಿಯ ಪಕ್ಕ ಕೂತಳು. ಅಜ್ಜಿ ತನ್ನ ಮುಂದಿದ್ದ ಮೊರವನ್ನು ಅರ್ಧ ಅವಳ ಕಡೆ ಸರಿಸಿ, ಈ ಸಲದ ಕಾಯಿಯಲ್ಲಿ ಸೊಗಡೇ ಇಲ್ಲ, ಮಂಜು ಸಾಲದು ಅಂದಳು. ಇದೆಯಲ್ಲ ಅಜ್ಜಿ, ಮೂಸಿ ನೋಡಿ ಎಂದು ಅತ್ತಿಗೆ ಒಂದು ಕಾಯನ್ನು ಅವಳ ಮೂಗಿನ ಹತ್ತಿರ ಹಿಡಿದಳು. ಇಬ್ಬರೂ ಅದರ ಮೇಲೆಯೇ ಮಾತಿಗೆ ಬಿದ್ದರು. ನಾನು ಮಗುವನ್ನು ಎತ್ತಿಕೊಂಡು, ಸಿಪ್ಪೆ ಸಿಗದಷ್ಟು ದೂರ ಕೂತೆ.